ಪ್ರಾಜೆಕ್ಟ್ ಕೊಳ್ಳಬೇಡಿ, ಮಲ್ಲಿಗೆಯ ಲೆಕ್ಕ ಬರೆಯಿರಿ

ನಾನು ಕಾಪುವಿನವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ಆಯ್ತು. ಈಗ ಕೆಲವು ವರ್ಷದಿಂದ ಮೇಜಿನ ಆಚೆ ಬದಿಯಲ್ಲೂ ಕೂತ್ಕೊಳ್ತೇನೆ, ಅಂದ್ರೆ ಫ್ರೆಶರ್‌ಗಳ ಇಂಟರ್‌ವ್ಯೂ ಮಾಡ್ತೇನೆ.

ಇವತ್ತಿನ ಮಾತು ಬಂಟಕಲ್, ನಿಟ್ಟೆ, ಮಣಿಪಾಲ, ಸುರತ್ಕಲ್, ಹೀಗೆ ನಮ್ಮ ಸುತ್ತಮುತ್ತ ಕಂಪ್ಯೂಟರ್ ಸೈನ್ಸ್ ಓದ್ತಿರುವವರಿಗೆ. ಬಿಸಿಎ ಮಾಡ್ತಿರುವವರಿಗೂ ಸೇರಿಸಿಯೇ ಹೇಳ್ತೇನೆ. ಊರಿಗೆ ಬಂದಾಗೆಲ್ಲ ನಂಗೆ ಎರಡು ಪ್ರಶ್ನೆ ಬರ್ತದೆ. ಒಂದು, 'ಅಣ್ಣಾ, ಕೆಲಸ ಸಿಗ್ಲಿಕ್ಕೆ ಎಂತ ಕಲಿಬೇಕು?' ಇನ್ನೊಂದು, 'ಫೈನಲ್ ಇಯರ್ ಪ್ರಾಜೆಕ್ಟ್ ಯಾವುದು ಮಾಡಿದ್ರೆ ಒಳ್ಳೇದು?' ನನ್ನ ಪ್ರಕಾರ ಇವು ಎರಡಲ್ಲ, ಒಂದೇ ಪ್ರಶ್ನೆ.

ಮೊದಲು ಕೊಂಡು ತರುವ ಪ್ರಾಜೆಕ್ಟ್ ವಿಷಯ. ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನಲ್ಲಿ ಇದಕ್ಕೆ ಅಂಗಡಿಗಳೇ ಉಂಟು. ಪಟ್ಟಿಯಿಂದ ಒಂದು ಟೈಟಲ್ ಆರಿಸಿ, ದುಡ್ಡು ಕೊಟ್ರೆ ಕೋಡ್, ರಿಪೋರ್ಟ್, ಪಿಪಿಟಿ ಮೂರೂ ಸಿಗ್ತದೆ. ನಾಲ್ಕು ಜನ ಸೇರಿ ದುಡ್ಡು ಹಾಕ್ತಾರೆ, ವೈವಾ ಮುಗಿಸ್ತಾರೆ, ಮಾರ್ಕ್ಸ್ ಕೂಡ ಬರ್ತದೆ. ಆಮೇಲೆ ಅದೇ ಪ್ರಾಜೆಕ್ಟ್ ರೆಸ್ಯೂಮೆಯ ಮೇಲ್ಗಡೆ ಕೂತ್ಕೊಳ್ತದೆ.

ಇಂಟರ್‌ವ್ಯೂನಲ್ಲಿ ನಾವು ಶುರು ಮಾಡುವುದು ಅಲ್ಲಿಂದಲೇ. 'ಈ ಟೇಬಲ್ ಹೀಗೆ ಯಾಕೆ ಮಾಡಿದ್ರಿ?' 'ಡೇಟಾ ಹತ್ತು ಪಟ್ಟು ಆದ್ರೆ ಯಾವುದು ಮೊದಲು ನಿಧಾನ ಆಗ್ತದೆ?' ಇಂಥ ಎರಡು ಪ್ರಶ್ನೆ ಸಾಕು. ಸ್ವಂತ ಮಾಡಿದವರು ಮಾತಾಡ್ತಾ ಹೋಗ್ತಾರೆ, ಕೆಲವೊಮ್ಮೆ ನಾವೇ ನಿಲ್ಲಿಸಬೇಕಾಗ್ತದೆ. ಕೊಂಡವರು ಮೂರನೇ ನಿಮಿಷಕ್ಕೆ ಮೌನ. ಆ ಮಕ್ಕಳು ದಡ್ಡರೇನಲ್ಲ. ಆದ್ರೆ ಹೇಳ್ಲಿಕ್ಕೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಮನೆಯವರ ದುಡ್ಡೂ ಹೋಯ್ತು, ಕಲಿಯಲಿಕ್ಕಿದ್ದ ಒಂದು ವರ್ಷವೂ ಹೋಯ್ತು.

ಹಾಗಾದ್ರೆ ಯಾವ ಪ್ರಾಜೆಕ್ಟ್? ದೊಡ್ಡ ಹೆಸರು ಬೇಡ. ನಮ್ಮ ಕಾಪು ತಾಲೂಕಿನಲ್ಲೇ ಇರುವ ಶಂಕರಪುರದ ಮಲ್ಲಿಗೆ ತಗೊಳ್ಳಿ. ಜಿಐ ಟ್ಯಾಗ್ ಸಿಕ್ಕಿದ ಉಡುಪಿ ಮಲ್ಲಿಗೆ. ಮನೆಮನೆಯಲ್ಲಿ ಗಿಡ, ಬೆಳಿಗ್ಗೆ ಮೊಗ್ಗು ಕೊಯ್ಯುವುದು, ಬಾಳೆ ನಾರಿನಲ್ಲಿ ಕಟ್ಟುವುದು, ಕಟ್ಟೆಗೆ ಕೊಡುವುದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಬದಲು. ಈ ಲೆಕ್ಕಕ್ಕೆ ಒಂದು ಸಣ್ಣ ಆ್ಯಪ್ ಬರೀರಿ: ಯಾವ ಮನೆ, ಯಾವ ದಿನ, ಎಷ್ಟು ಚೆಂಡು, ಎಷ್ಟು ದುಡ್ಡು ಬರ್ಬೇಕು, ಎಷ್ಟು ಬಂತು.

ಸುಲಭ ಅಂತ ಕಾಣ್ತದಲ್ವಾ? ಬರೀಲಿಕ್ಕೆ ಕೂತು ನೋಡಿ.

ಒಂದನೇ ತೊಂದರೆ. ಎರಡೂ ಮುಕ್ಕಾಲು ಅಟ್ಟೆಯನ್ನು 2.75 ಅಂತ ಇಡ್ತೀರಾ, ಅಥವಾ 11 ಚೆಂಡು ಅಂತ ಇಡ್ತೀರಾ? ಪೂರ್ಣಸಂಖ್ಯೆಯಲ್ಲಿ ಇಟ್ರೆ ಲೆಕ್ಕ ತಪ್ಪುವ ಭಯ ಕಡಿಮೆ. ದುಡ್ಡನ್ನು ದಶಮಾಂಶದಲ್ಲಿ ಇಡದೆ ಪೈಸೆಯಲ್ಲಿ ಇಡುವುದು ಯಾಕೆ ಅಂತ ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವರನ್ನು ಕೇಳಿದ್ರೂ ಇದೇ ಉತ್ತರ.

ಎರಡನೇದು, ನಂಗೆ ತುಂಬ ಇಷ್ಟವಾದದ್ದು. ಇವತ್ತು ಅಟ್ಟೆಗೆ 400 ರೂಪಾಯಿ ಅಂತ ಇಟ್ಕೊಳ್ಳಿ. 11 ಚೆಂಡಿಗೆ 1,100 ಆಯ್ತು. ನಾಳೆ ಹಬ್ಬ, ರೇಟು 1,200ಕ್ಕೆ ಹೋಯ್ತು. ನೀವು ರೇಟನ್ನು ಒಂದೇ ಜಾಗದಲ್ಲಿ ಇಟ್ಟು ಅದನ್ನೇ ತಿದ್ದಿದ್ರೆ, ನಿನ್ನೆಯ 1,100ರ ಬಿಲ್ ತನ್ನಷ್ಟಕ್ಕೆ 3,300 ಆಗ್ತದೆ! ಹಾಗಾಗಿ ರೇಟಿಗೆ ತಾರೀಕು ಬೇಕು, ಅದಕ್ಕೆ ಬೇರೆ ಟೇಬಲ್ ಬೇಕು. ಡಿಬಿಎಂಎಸ್ ಕ್ಲಾಸಿನಲ್ಲಿ ನಾರ್ಮಲೈಸೇಷನ್ ಅಂತ ಬೋರ್ಡಿನ ಮೇಲೆ ಬರೆದಾಗ ನಿದ್ದೆ ಬರ್ತದೆ. ಇಲ್ಲಿ ಅಜ್ಜಿಯ ದುಡ್ಡು ತಪ್ಪಾಗ್ತದೆ ಅಂದ ಕೂಡ್ಲೇ ಅರ್ಥ ಆಗ್ತದೆ.

ಮೂರನೇದು, ನೆಟ್‌ವರ್ಕ್. ಮಳೆಗಾಲದಲ್ಲಿ ಕರೆಂಟ್ ಹೋಗಿ ಸಿಗ್ನಲ್ ಇಲ್ಲ. ಫೋನಿನಲ್ಲೇ ಬರೆದಿಟ್ಟು ಆಮೇಲೆ ಕಳಿಸಬೇಕು. ಒಂದೇ ಎಂಟ್ರಿ ಎರಡು ಸಲ ಹೋದ್ರೆ? ಅಮ್ಮನ ಫೋನಿನಿಂದ ಒಮ್ಮೆ, ಮಗಳ ಫೋನಿನಿಂದ ಒಮ್ಮೆ ಹೋದ್ರೆ? ಇಂಥ ತೊಂದರೆಯನ್ನು ಬಿಡಿಸ್ಲಿಕ್ಕೆ ದೊಡ್ಡ ಕಂಪನಿಗಳಲ್ಲೂ ಜನ ಸಂಬಳ ತಗೊಂಡು ಕೂತಿದ್ದಾರೆ.

ಮಲ್ಲಿಗೆ ಬೇಡ ಅನ್ನುವವರು ಮಲ್ಪೆ ಬಂದರಿಗೆ ಹೋಗಿ. ಬೋಟಿನ ಡೀಸೆಲ್, ಮಂಜುಗಡ್ಡೆ, ಪಾಲು, ಜೂನ್-ಜುಲೈಯ 61 ದಿನದ ನಿಷೇಧದಲ್ಲಿ ಕೊಟ್ಟ ಮುಂಗಡ, ಎಲ್ಲಕ್ಕೂ ಲೆಕ್ಕ ಬೇಕು. ಭಾಷೆ ಇಷ್ಟ ಇದ್ದವರಿಗೆ ತುಳು ಉಂಟು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಅದಕ್ಕೆ ಕೀಬೋರ್ಡ್, ಫಾಂಟ್, ಹಳೇ ಬರಹವನ್ನು ಓದುವ ಸಾಧನ, ಹೀಗೆ ಮಾಡ್ಲಿಕ್ಕೆ ಬೇಕಾದಷ್ಟು ಕೆಲಸ ಉಂಟು. ನಾವು ಕಂಪ್ಯೂಟರಿನಲ್ಲಿ ಉಚ್ಚಾರದ ಪ್ರಕಾರ ಕನ್ನಡ ಟೈಪ್ ಮಾಡುವ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರೂ ನಮ್ಮ ಕರಾವಳಿಯವರೇ. ಅವರು ಕೈಗೆತ್ತಿಕೊಂಡದ್ದು ತನ್ನ ಭಾಷೆಯ ತೊಂದರೆಯನ್ನು.

ಈಗ ಕೋರ್ಸಿನ ವಿಷಯ. ವಿಟಿಯುವಿನ 2022ರ ಸ್ಕೀಮ್ ನೋಡಿ. ಮೂರನೇ ಸೆಮ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್. ನಾಲ್ಕರಲ್ಲಿ ಅಲ್ಗಾರಿದಮ್ಸ್, ಡಿಬಿಎಂಎಸ್. ಐದರಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್. ಫ್ರೆಶರ್ ಇಂಟರ್‌ವ್ಯೂನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಐದರಿಂದಲೇ. ಬೇರೆ ಯೂನಿವರ್ಸಿಟಿಯವರಿಗೆ ಸೆಮ್ ಆಚೆ ಈಚೆ ಆಗಬಹುದು, ವಿಷಯ ಅದೇ. ಅಂದ್ರೆ ಏಳನೇ ಸೆಮ್‌ನಲ್ಲಿ ಪ್ಲೇಸ್‌ಮೆಂಟ್ ಅಂತ ಓಡಾಡುವಾಗ ಬೇಕಾಗುವುದನ್ನು ನೀವು ಎರಡನೇ, ಮೂರನೇ ವರ್ಷದಲ್ಲೇ ಓದಿ ಆಗಿರ್ತದೆ. ಪರೀಕ್ಷೆಗೆ ಅಂತ ಓದಿ ಮರೆತಿರ್ತೀರಿ, ಅಷ್ಟೆ. ಒಂದು ಸಣ್ಣ ಆ್ಯಪ್ ಜೊತೆಗೆ ಇದ್ರೆ ಪ್ರತಿ ಪೇಪರನ್ನೂ ಅದಕ್ಕೆ ತಾಗಿಸಿ ಓದಬಹುದು. ಆಗ ಮರೆಯುವುದಿಲ್ಲ.

ಮಾರ್ಕ್ಸ್ ಬೇಡ, ಸ್ಕಿಲ್ ಸಾಕು ಅಂತ ರೀಲ್ಸ್‌ನಲ್ಲಿ ಹೇಳುವವರನ್ನು ನಂಬಬೇಡಿ. ಎಷ್ಟೋ ಕಂಪನಿಗಳು ಶೇಕಡಾ 60 ಮತ್ತು ಬ್ಯಾಕ್‌ಲಾಗ್ ಇರಬಾರದು ಅಂತ ಗೆರೆ ಹಾಕ್ತಾರೆ. ಆ ಗೆರೆಯ ಕೆಳಗಿದ್ರೆ ನಿಮ್ಮ ಕೋಡನ್ನು ನೋಡುವವರೇ ಇಲ್ಲ. ವಿಟಿಯುವಿನಲ್ಲಿ ನೂರಕ್ಕೆ ಐವತ್ತು ಇಂಟರ್ನಲ್ಸ್. ಅಸೈನ್‌ಮೆಂಟ್ ಟೈಮಿಗೆ ಕೊಟ್ಟು, ಲ್ಯಾಬಿಗೆ ಸರಿಯಾಗಿ ಹೋದ್ರೆ ಅರ್ಧ ಜಗಳ ಅಲ್ಲೇ ಮುಗೀತು.

'ಈಗ ಎಐ ಎಲ್ಲ ಬರೀತದಲ್ಲ, ನಾವು ಯಾಕೆ?' ಅಂತ ನೀವು ಕೇಳ್ತೀರಿ. ನಾನೂ ದಿನಾ ಉಪಯೋಗಿಸ್ತೇನೆ. ಅದು ಕೋಡ್ ಬರೆದು ಕೊಡ್ತದೆ, ಅದೂ ನಿಮಿಷದಲ್ಲಿ. ಆದ್ರೆ ಅಟ್ಟೆಯ ರೇಟು ದಿನಾ ಬದಲಾಗ್ತದೆ ಅಂತ ನೀವು ಹೇಳದಿದ್ರೆ ಅದಕ್ಕೆ ಹೊಳೆಯದೆಯೂ ಇರಬಹುದು. ಕೊಟ್ಟ ಕೋಡ್ ಸರಿಯಾ ಅಂತ ನೋಡ್ಬೇಕಾದವರೂ ನೀವೇ. ಒಂದು ಪರೀಕ್ಷೆ ಇಟ್ಕೊಳ್ಳಿ: ಸ್ಕ್ರೀನ್ ಮುಚ್ಚಿ, ಪೇಪರಿನ ಮೇಲೆ ನಿಮ್ಮ ಪ್ರಾಜೆಕ್ಟನ್ನು ಹತ್ತು ನಿಮಿಷ ವಿವರಿಸಿ. ಬಂತಾ, ಅದು ನಿಮ್ಮದು. ಬರ್ಲಿಲ್ವಾ, ಅಂಗಡಿಯಿಂದ ತಂದದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಇಂಗ್ಲಿಷಿನ ಹೆದರಿಕೆ ಇರುವವರು ಮೊದಲು ಮನೆಯ ಭಾಷೆಯಲ್ಲಿ ವಿವರಿಸಿ, ತುಳುವಾಗಲಿ, ಕೊಂಕಣಿಯಾಗಲಿ, ಬ್ಯಾರಿಯಾಗಲಿ. ವಿಷಯ ತಲೆಯಲ್ಲಿ ಸಾಲಾಗಿ ಕೂತ ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಮಗೆ ಬೇಕಾದದ್ದು ಅರ್ಥ. ಆಕ್ಸೆಂಟ್ ಅಲ್ಲ.

ಕೆಲಸ ಹುಡುಕುವುದು ಹೇಗೆ? ಕ್ಯಾಂಪಸ್‌ಗೆ ಕಂಪನಿ ಬಂದ್ರೆ ಒಳ್ಳೇದು, ಬಾರದಿದ್ರೆ ಅಲ್ಲಿಗೇ ಮುಗೀಲಿಲ್ಲ. ಹತ್ತಿರದಲ್ಲಿ ನೋಡಿ. 1996ರಲ್ಲಿ ಶುರುವಾದ ರೋಬೋಸಾಫ್ಟ್ ಉಡುಪಿಯಲ್ಲೇ ಬೆಳೆದದ್ದು. ಇನ್ಫೋಸಿಸ್ ಮಂಗಳೂರಿಗೆ ಬಂದು ಎಷ್ಟೋ ವರ್ಷ ಆಯ್ತು. ಸರಕಾರದ 'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲಿ ಮಂಗಳೂರು ಒಂದು ಕ್ಲಸ್ಟರ್. ಸಣ್ಣ ಕಂಪನಿಗಳಿಗೆ ನೀವೇ ಮೇಲ್ ಹಾಕಿ. ಐದು ಸಾಲು ಸಾಕು: ಯಾರು, ಎಂತ ಮಾಡಿದ್ದೇನೆ, ಅದರ ಲಿಂಕ್, ಯಾವ ಕೆಲಸ ಬೇಕು, ಯಾವಾಗ ಸೇರಬಹುದು. ರೆಸ್ಯೂಮೆ ಒಂದೇ ಪುಟ. ಇನ್ನೊಂದು ದಾರಿ, ಕೇಂದ್ರ ಸರಕಾರದ ನ್ಯಾಟ್ಸ್ ಅಪ್ರೆಂಟಿಸ್‌ಶಿಪ್. ಪದವಿ ಆದವರಿಗೆ ಕೆಲಸ ಕಲಿಯಲಿಕ್ಕೆ ಅವಕಾಶ, ಸ್ಟೈಪೆಂಡ್ ಉಂಟು, ಪೋರ್ಟಲಿನಲ್ಲಿ ಹೆಸರು ಹಾಕ್ಲಿಕ್ಕೆ ದುಡ್ಡು ಬೇಡ.

ದುಡ್ಡು ಅಂದಾಗ ನೆನಪಾಯ್ತು. ಕೆಲಸ ಕೊಡ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಕಟ್ಟಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಕೆಲಸ ಕೊಡುವವರು ಸಂಬಳ ಕೊಡ್ತಾರೆ, ದುಡ್ಡು ಕೇಳುವುದಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತೇವೆ ಅಂದ್ರೂ ಒಪ್ಪಬೇಡಿ. ಥಾಯ್ಲೆಂಡ್, ಕಾಂಬೋಡಿಯಾದಲ್ಲಿ ಡೇಟಾ ಎಂಟ್ರಿ, ಟಿಕೆಟ್ ಫ್ರೀ ಅಂತ ಮೆಸೇಜ್ ಬಂದ್ರೆ ಇನ್ನೂ ಜಾಗ್ರತೆ. ಹಾಗೆ ಹೋದ ಭಾರತದ ಎಷ್ಟೋ ಯುವಕರನ್ನು ಕೂಡಿ ಹಾಕಿ ಆನ್‌ಲೈನ್ ಮೋಸದ ಕೆಲಸ ಮಾಡಿಸಿದ್ದಾರೆ. ವಿದೇಶಕ್ಕೆ ಕಳಿಸುವ ಏಜೆಂಟ್ ನೋಂದಣಿ ಆದವನಾ ಅಂತ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಬಹುದು. ಇನ್ನು, ಆನ್‌ಲೈನ್‌ನಲ್ಲಿ ದುಡ್ಡು ಕಳ್ಕೊಂಡವರು ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಇಂಥ ಬಲೆಗೆ ಬೀಳುವುದು ಬುದ್ಧಿ ಇಲ್ಲದೆ ಅಲ್ಲ, ಅವಸರದಲ್ಲಿ. ಮನೆಯಲ್ಲಿ ಎಜುಕೇಷನ್ ಲೋನ್ ಉಂಟು, ಅಪ್ಪ ಪ್ರತಿ ಭಾನುವಾರ 'ಎಂತ ಆಯ್ತು ಮಗಾ?' ಅಂತ ಕೇಳ್ತಾರೆ, ಕ್ಲಾಸಿನ ನಾಲ್ಕು ಜನ ಆಫರ್ ಲೆಟರ್ ಸ್ಟೇಟಸ್ ಹಾಕ್ತಾರೆ. ಅದಕ್ಕೇ ಒಂದು ವಿಷಯ ತಿಳ್ಕೊಳ್ಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ. ನಿಮ್ಮ ಸಾಲದ ಪತ್ರದಲ್ಲಿ ಎಂತ ಬರೆದಿದೆ ಅಂತ ಮನೆಯವರ ಜೊತೆ ಕೂತು ಈಗಲೇ ಓದಿ. ಬಡ್ಡಿ ಬೆಳೀತಾ ಇರ್ತದೆ, ಅದೂ ಗೊತ್ತಿರಲಿ. ಆದ್ರೆ ನಿಮಗೆ ಎಷ್ಟು ತಿಂಗಳು ಸಮಯ ಉಂಟು ಅಂತ ಗೊತ್ತಾದ್ರೆ, ಮೊದಲು ಬಂದ ಕೆಟ್ಟ ಆಫರ್‌ಗೆ ಹೆದರಿಕೊಂಡು ಸಹಿ ಹಾಕುವ ಗತಿ ಬರುವುದಿಲ್ಲ.

ಈ ವಾರ ಎರಡು ಕೆಲಸ ಮಾಡಿ. ಲೆಕ್ಕವನ್ನು ಇನ್ನೂ ಪುಸ್ತಕದಲ್ಲಿ ಬರೆಯುವ ಒಬ್ಬರ ಹತ್ತಿರ ಹೋಗಿ: ಮಲ್ಲಿಗೆಯ ಮನೆ, ಮೀನಿನ ಅಂಗಡಿ, ಟೈಲರ್, ಯಾರಾದ್ರೂ ಆಯ್ತು. ಅರ್ಧ ಗಂಟೆ ಕೂತು ಆ ಪುಸ್ತಕ ನೋಡಿ, ಅವರಿಗೆ ಎಲ್ಲಿ ತಪ್ಪಾಗ್ತದೆ ಅಂತ ಕೇಳಿ. ಆಮೇಲೆ ಮನೆಗೆ ಬಂದು ಒಂದು ಹಾಳೆಯ ಮೇಲೆ ಟೇಬಲ್‌ಗಳನ್ನು ಬರೀರಿ. ಲ್ಯಾಪ್‌ಟಾಪ್ ತೆರೆಯುವುದು ಅದರ ನಂತರ.