ನಿವೃತ್ತಿ ಯಾರಿಗೆ?

(ಸಂಘದ ಹಿರಿಯರ ಕೂಟದಲ್ಲಿ ಮಾಡಿದ ಭಾಷಣ)



ನವೆಂಬರ್ ನಮಗೆಲ್ಲ ರಾಜ್ಯೋತ್ಸವದ ತಿಂಗಳು. 1956ರಲ್ಲಿ ಒಂದಾದ ನಾಡಿಗೆ 1973ರಲ್ಲಿ ಕರ್ನಾಟಕವೆಂದು ಹೆಸರಾದುದೂ ಈ ತಿಂಗಳ ಮೊದಲನೆಯ ದಿನವೇ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನಮ್ಮಂಥ ಗುಮಾಸ್ತರಿಗೆ ಇದು ಇನ್ನೊಂದು ಕಾರಣಕ್ಕಾಗಿ ಗದ್ದಲದ ತಿಂಗಳು. ಸರ್ಕಾರದ ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂದು ಬರೆದುಕೊಡುವ ಕಾಲವಿದು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ ಎಂಬತ್ತು ತುಂಬಿದವರಿಗೆ ಅಕ್ಟೋಬರಿನಿಂದಲೇ ಅವಕಾಶವುಂಟು. 2014ರಿಂದ ಬೆರಳೊತ್ತಿ, 2021ರಿಂದ ಮುಖ ತೋರಿಸಿ, ಮನೆಯಿಂದಲೇ ಇದನ್ನು ಮುಗಿಸಬಹುದು. ಆದರೂ ಮಡಿಕೆ ಮುರಿಯದ ಅಂಗಿ ತೊಟ್ಟು ಬ್ಯಾಂಕಿಗೇ ಬರುವ ಹಿರಿಯರು ಇದ್ದಾರೆ. ಹೀಗೆ ಬಂದ ಧಾರವಾಡದ ಕಡೆಯವರೊಬ್ಬರನ್ನು, "ಕಾಕಾರ, ಫೋನಿನ್ಯಾಗ ಆಗ್ತದಲ್ರೀ, ಇಷ್ಟು ದೂರ ಯಾಕ ಬಂದ್ರಿ?" ಎಂದು ಕೇಳಿದೆವು. "ಬದುಕೇನಿ ಅಂತ ಫೋನಿಗೆ ಯಾಕ ಹೇಳ್ಲಿ? ನಿಮಗ ಹೇಳಿ ಹೋಗ್ತೀನಿ" ಎಂದರು. ಅವರನ್ನು ಫೋನಿನ ಕಡೆಗೆ ತಿರುಗಿಸುವ ಮನಸ್ಸು ನಮಗೆ ಬರಲಿಲ್ಲ.

ಆದರೆ ನಾವು ಗಮನಿಸಿದ ಸಂಗತಿ ಬೇರೆ. ಹೀಗೆ ಬರುವವರು ಬಹುತೇಕ ಒಬ್ಬರೇ ಬರುತ್ತಾರೆ. ಅವರ ಮನೆಯವರು ಬ್ಯಾಂಕಿನ ಮೆಟ್ಟಿಲು ಹತ್ತುವುದು, ಯಜಮಾನರು ತೀರಿಕೊಂಡ ಮೇಲೆ, ಮಗನ ಜೊತೆಗೆ, ಒಂದು ಕೈಚೀಲದ ತುಂಬ ಕಾಗದ ತುಂಬಿಕೊಂಡು. "ನಮಗೇನೂ ತಿಳೀದ್ರೀ, ಎಲ್ಲಾ ಅವರ ನೋಡ್ಕೋತಿದ್ರು" ಎಂಬ ಮಾತನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ತುಳುವಿನಲ್ಲಿ ಕೇಳಿದ್ದೇವೆ.

ನಮ್ಮ ಮನೆಯ ಒಂದೆರಡು ಸಂಗತಿ ಹೇಳುತ್ತೇವೆ. ಮನೆಯ ಮಾತನ್ನು ಸಭೆಯಲ್ಲಿ ಆಡುವುದಕ್ಕೆ ಅವ್ವನ ಒಪ್ಪಿಗೆ ಪಡೆದಿದ್ದೇವೆ; ಅಪ್ಪನವರು ಇಲ್ಲಿಯೇ ಎರಡನೆಯ ಸಾಲಿನಲ್ಲಿದ್ದಾರೆ.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ಅರವತ್ತು ತುಂಬಿದ ಮೇಲೆ ನಿವೃತ್ತರಾದರು. ಮೂವತ್ತೈದು ವರ್ಷ ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ನಿಂತು ಹೋಗಿ ಬಂದವರು. ಅವರ ಬುತ್ತಿಗಾಗಿ ಅವ್ವ ಅಷ್ಟೇ ವರ್ಷ ಬೆಳಗಿನ ಐದಕ್ಕೆ ಜೋಳದ ರೊಟ್ಟಿ ಬಡಿದವರು. ಅಪ್ಪ ಹೊರಟರೆಂದರೆ ಸಂಜೆಯವರೆಗೆ ಮನೆ ಅವ್ವನದು. ಮಧ್ಯಾಹ್ನ ನೆರೆಯ ಮರಾಠಿ ಬಾಯಿಯರು ಹೊಸ್ತಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಅಪ್ಪ ಮನೆಯಲ್ಲಿ ಕುಳಿತ ವಾರದಲ್ಲಿಯೇ, "ಸಾಹೇಬರು ಮನೆಯಲ್ಲಿದ್ದಾರೆ" ಎಂದು ಆ ಬಾಯಿಯರು ಬರುವುದನ್ನು ನಿಲ್ಲಿಸಿದರು. ಹನ್ನೊಂದಕ್ಕೊಂದು ಚಹ, ಮೂರಕ್ಕೊಂದು ಚಹ ಹೊಸದಾಗಿ ಸೇರಿದವು. ಐದಕ್ಕೆ ಏಳುವುದಂತೂ ತಪ್ಪಲಿಲ್ಲ, ಅಪ್ಪನಿಗೆ ಆ ಹೊತ್ತಿಗೇ ಎಚ್ಚರ. ಸತ್ಕಾರ, ಹಾರ, ತೆಂಗಿನಕಾಯಿಗಳೆಲ್ಲ ಒಬ್ಬರಿಗೆ ಸಂದವು. ಕೆಲಸ ಇನ್ನೊಬ್ಬರಿಗೆ ಹೆಚ್ಚಿತು.

ಸುಮ್ಮನೆ ಕೂಡುವ ಜಾಯಮಾನ ಅಪ್ಪನದಲ್ಲ. ಒಂದು ದಿನ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಚಿಕ್ಕದು ದೊಡ್ಡದೆಂದು ಸಾಲಾಗಿ ಇಟ್ಟು, ತೊಗರಿ, ಕಡಲೆ, ಅಗಸಿ, ಗುರೆಳ್ಳು, ಶೇಂಗಾ ಎಂದು ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದರು. ಕಣ್ಣು ಮುಚ್ಚಿ ಕೈ ಚಾಚಿದರೆ ಬೇಕಾದ ಡಬ್ಬಿ ಸಿಕ್ಕುತ್ತಿದ್ದ ಅವ್ವನಿಗೆ ಅಂದು ಸಾಸಿವೆ ಸಿಕ್ಕಲಿಲ್ಲ. ಒಗ್ಗರಣೆಯ ಎಣ್ಣೆ ಹೊತ್ತಿತು. ಅವ್ವ ಜಗಳಾಡಲಿಲ್ಲ. ಊಟಕ್ಕೆ ಬಡಿಸುತ್ತ, "ನನ್ನ ಡಬ್ಬಿಗೆ ಚೀಟಿ ಹಚ್ಚಿದ್ರಿ, ಛಲೋ ಆತು. ಹಂಗs ನಿಮ್ಮ ಕಪಾಟಿಗೂ ಹಚ್ರಿ. ಅದರಾಗ ಏನೇನು ಅದ ಅಂತ ನನಗ ಇವತ್ತಿಗೂ ಗೊತ್ತಿಲ್ಲ" ಎಂದರು.

ಮರುದಿನ ಕಪಾಟು ತೆಗೆದರು. ಪಿಂಚಣಿ ಬರುವ ಖಾತೆ ಅಪ್ಪನೊಬ್ಬರ ಹೆಸರಿನಲ್ಲಿತ್ತು. ಪಿ.ಪಿ.ಒ. ಎಂದು ನಾವು ಕರೆಯುವ ಪಿಂಚಣಿ ಆದೇಶಪತ್ರದಲ್ಲಿ ಅವ್ವನ ಹೆಸರು 'ಅವ್ವ' ಎಂದು ಮುಗಿದರೆ, ಆಧಾರ್ ಕಾರ್ಡಿನಲ್ಲಿ 'ಬಾಯಿ' ಎಂದು ಮುಗಿಯುತ್ತಿತ್ತು. ತವರಿನಲ್ಲಿ ಒಂದು, ಮದುವೆಯಲ್ಲಿ ಇನ್ನೊಂದು, ಮುಂಬಯಿಯ ರೇಷನ್ ಕಾರ್ಡು ಬರೆದವನ ಕಿವಿಗೆ ಬಿದ್ದದ್ದು ಮತ್ತೊಂದು: ಗಡಿ ದಾಟಿ ಬಂದ ನಮ್ಮ ಹೆಣ್ಣುಮಕ್ಕಳಲ್ಲಿ ಇದು ಅಪರೂಪವೇನಲ್ಲ. ಯಜಮಾನರು ಇರುವಾಗ ಒಂದು ಅರ್ಜಿಯಿಂದ ತೀರುವ ಈ ವ್ಯತ್ಯಾಸ, ಅವರು ಹೋದ ಮೇಲೆ ಹೆಂಡತಿ ತಾನೇ ಹೆಂಡತಿಯೆಂದು ರುಜುವಾತು ಮಾಡುವ ವ್ಯವಹಾರವಾಗುತ್ತದೆ. ಅಷ್ಟರವರೆಗೆ ಮನೆಗೆ ಹಣ ಬಾರದು.

ಹಣದ ಲೆಕ್ಕವನ್ನೂ ತಾಯಂದಿರು ತಿಳಿದಿರಬೇಕು. 2004ಕ್ಕೆ ಮೊದಲು ಕೇಂದ್ರ ಸರ್ಕಾರದ ನೌಕರಿಗೆ ಸೇರಿದವರ ಕೊನೆಯ ಮೂಲವೇತನ 100 ರೂಪಾಯಿಯಾದರೆ ಪಿಂಚಣಿ 50. 67 ವರ್ಷ ದಾಟಿದ ಪಿಂಚಣಿದಾರರು ತೀರಿಕೊಂಡರೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿ 30. ತುಟ್ಟಿಪರಿಹಾರ ಇವೆರಡಕ್ಕೂ ಬೇರೆ ಉಂಟು. ಐವತ್ತರಲ್ಲಿ ನಡೆಯುತ್ತಿದ್ದ ಮನೆ ಮೂವತ್ತರಲ್ಲಿ ನಡೆಯಬೇಕು. ಬಾಡಿಗೆಯಾಗಲಿ ವಿದ್ಯುತ್ತಿನ ಬಿಲ್ಲಾಗಲಿ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಇದನ್ನು ದಂಪತಿಗಳು ಜೊತೆಗೆ ಕುಳಿತು, ಇಬ್ಬರೂ ಇರುವಾಗಲೇ ಲೆಕ್ಕಹಾಕಬೇಕು. ಅಪಶಕುನವೆಂದು ತಳ್ಳುವವರುಂಟು, ಜೀವವಿಮೆ ಮಾಡಿಸುವಾಗ ಅವರಾರೂ ಶಕುನ ನೋಡಿದ್ದನ್ನು ನಾವು ಕಂಡಿಲ್ಲ!

ಖಾತೆಗೆ ಅವ್ವನ ಹೆಸರು ಸೇರಿಸುವುದು ಒಂದು ಮುಂಜಾನೆಯ ಕೆಲಸವಾಯಿತು. ಪಿಂಚಣಿ ಖಾತೆ ಗಂಡಹೆಂಡಿರ ಜಂಟಿ ಹೆಸರಿನಲ್ಲಿರಲು ಅಡ್ಡಿಯಿಲ್ಲ. ಮುಂದೆ ಕುಟುಂಬ ಪಿಂಚಣಿಯೂ ಅದೇ ಖಾತೆಗೆ ಬರಬಹುದು. ಆದೇಶಪತ್ರದ ಹೆಸರು ತಿದ್ದಿಸಲು ಮಾತ್ರ ಎಂಟು ತಿಂಗಳು ಹಿಡಿಯಿತು. ಮೂರು ಸಲ ಅರ್ಜಿ ಕೊಟ್ಟು, ಪ್ರತಿಸಲವೂ ಕಚೇರಿಯಲ್ಲಿ ತಾವೇ ನಿಂತು, ಅಪ್ಪ ಬೆವರಿದರು. "ನಾನs ಇಷ್ಟು ತಿರುಗಿದೆ, ಇಕಿ ಒಬ್ಬಾಕಿ ಏನು ಮಾಡ್ತಿದ್ಲು?" ಎಂದು ಅಂದು ರಾತ್ರಿ ಅವರು ಅಂದದ್ದು ನಮಗೆ ಕೇಳಿಸಿತು. ಅವ್ವ ಸಹಿಯನ್ನು ಕನ್ನಡದಲ್ಲಿಯೇ ಮಾಡುತ್ತಾರೆ. ಲಿಪಿ ಯಾವುದಾದರೂ ಆದೀತು, ಪ್ರತಿಸಲವೂ ಒಂದೇ ಬಗೆಯಾಗಿದ್ದರಾಯಿತು.

ಅಪ್ಪ ಈಗ ಮೂರು ಗಂಟೆಯ ಚಹವನ್ನು ತಾವೇ ಮಾಡಿಕೊಳ್ಳುತ್ತಾರೆ, ಸಕ್ಕರೆ ಸ್ವಲ್ಪ ಹೆಚ್ಚು ಬೀಳುತ್ತದೆ. ಕುಡಿದು ಸಂಘದ ವಾಚನಾಲಯಕ್ಕೆ ಹೊರಡುತ್ತಾರೆ. ಮರಾಠಿ ಬಾಯಿಯರು ಮತ್ತೆ ಹೊಸ್ತಿಲಿಗೆ ಬಂದಿದ್ದಾರೆ. ಡಬ್ಬಿಗಳು ತಮ್ಮ ಹಳೆಯ ಜಾಗಕ್ಕೆ ಹೋದವು. ಚೀಟಿಗಳನ್ನು ಅವ್ವ ಹಾಗೆಯೇ ಬಿಟ್ಟಿದ್ದಾರೆ.

ಬರುವ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ನಾವು ಸಂಘದ ಕೋಣೆಯಲ್ಲಿ ಕುಳಿತಿರುತ್ತೇವೆ. ಪಿಂಚಣಿ ಆದೇಶಪತ್ರ, ಆಧಾರ್, ಪಾಸುಪುಸ್ತಕ, ಈ ಮೂರನ್ನೂ ತನ್ನಿರಿ. ಹೆಸರುಗಳನ್ನು ಹೊಂದಿಸಿ ನೋಡೋಣ. ವ್ಯತ್ಯಾಸವಿದ್ದರೆ ಅರ್ಜಿ ಬರೆದುಕೊಡುತ್ತೇವೆ. ದಂಪತಿಗಳಿಬ್ಬರೂ ಬರಬೇಕು, ಒಬ್ಬರೇ ಬಂದವರಿಗೆ ಚಹ ಕೊಟ್ಟು, ಮನೆಯವರನ್ನು ಕರೆತರಲು ಹಿಂದಕ್ಕೆ ಕಳಿಸುತ್ತೇವೆ.