ನಡಿಗೆ ತಪ್ಪಿಸುವ ಜ್ವರ

ಕುಡಿಯದೆ ತೂರಾಡುವವನನ್ನು ನಮ್ಮ ಊರುಗಳು ಸುಲಭವಾಗಿ ನಂಬುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಬಯಲಿನಲ್ಲಾಗಲಿ, ಕೃಷ್ಣರಾಜಪೇಟೆ, ನಾಗಮಂಗಲಗಳ ರಾಗಿಹೊಲಗಳ ನಡುವೆಯಾಗಲಿ, ನಾಲ್ಕು ದಿನ ಜ್ವರದಿಂದ ಮಲಗಿದ್ದ ಗಂಡಸೊಬ್ಬ ಎದ್ದು ಬಂದು, ಕಾಲು ಅಗಲಿಸಿ ಗೋಡೆ ಹಿಡಿದು ನಿಂತು, ಮಾತು ತೊದಲಿದನೆಂದರೆ ನೋಡಿದವರು ಎರಡರಲ್ಲಿ ಒಂದು ತೀರ್ಪನ್ನು ಕೊಟ್ಟುಬಿಡುತ್ತಾರೆ: ಹೆಂಡ, ಇಲ್ಲವೇ ಗಾಳಿಸೋಂಕು. ಮೂರನೆಯ ಕಾರಣವೊಂದುಂಟು. ಅದು ಕಿರುಮೆದುಳಿನ ಉರಿಯೂತ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿದವನು. ಆದರೆ ಈ ರೋಗದ ಮೊದಲ ಸಾಕ್ಷಿಗಳು ನಡಿಗೆ ಮತ್ತು ನುಡಿ. ಅವನ್ನು ಗುರುತಿಸಬೇಕಾದವರು ಮನೆಯವರೇ.

ಪಠ್ಯಪುಸ್ತಕಗಳು ಈ ಅಂಗವನ್ನು ಅನುಮಸ್ತಿಷ್ಕವೆನ್ನುತ್ತವೆ. ಕಿರುಮೆದುಳು ಎಂಬುದೇ ನನಗೆ ಹಿತವೆನಿಸುತ್ತದೆ, ಕೇಳಿದೊಡನೆ ಅರ್ಥವಾಗುತ್ತದೆ. ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲುಗಡೆ ಅಡಗಿರುವ ಇದರ ತೂಕ ಸುಮಾರು 150 ಗ್ರಾಂ. ಗಾತ್ರದಲ್ಲಿ ಮಿದುಳಿನ ಹತ್ತರಲ್ಲೊಂದು ಪಾಲಾದರೂ, ಒಟ್ಟು ನರಕೋಶಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಇಲ್ಲಿಯೇ ಇವೆ. 1824ರಲ್ಲಿ ಫ್ರಾನ್ಸಿನ ಫ್ಲೂರೆನ್ಸ್ ಪಾರಿವಾಳಗಳ ಕಿರುಮೆದುಳನ್ನು ತೆಗೆದು ಪರೀಕ್ಷಿಸಿದ. ಹಕ್ಕಿಗಳಿಗೆ ಶಕ್ತಿ ಕುಂದಲಿಲ್ಲ, ಹೊಂದಾಣಿಕೆ ತಪ್ಪಿತು. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರಲ್ಲಿ ಇಂಗ್ಲೆಂಡಿನ ಗಾರ್ಡನ್ ಹೋಮ್ಸ್ ಇದನ್ನೇ ವಿವರವಾಗಿ ಕಂಡರು. ರೋಗಿಯ ಕೈಯಲ್ಲಿ ಬಲವಿರುತ್ತದೆ, ಆದರೆ ಲೋಟದ ಕಡೆಗೆ ಚಾಚಿದ ಕೈ ಗುರಿ ಸಮೀಪಿಸಿದಂತೆಲ್ಲ ನಡುಗಿ ಪಕ್ಕಕ್ಕೆ ಸರಿಯುತ್ತದೆ. ಪಾರ್ಶ್ವವಾಯುವಿನಿಂದ ಸೋತ ಕೈಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಉರಿಯೂತ ಬಂದಾಗ ತಲೆನೋವು, ವಾಂತಿ, ತಲೆ ಸುತ್ತು ಮೊದಲು. ಕೆಲವೊಮ್ಮೆ ಜ್ವರ ಜೊತೆಗಿರುತ್ತದೆ, ಕೆಲವೊಮ್ಮೆ ಜ್ವರ ಇಳಿದು ವಾರ ಕಳೆದ ಮೇಲೆ ಉಳಿದವು ತಲೆದೋರುತ್ತವೆ. ಆಮೇಲೆ ಓಲಾಟ. ಕಣ್ಣುಗುಡ್ಡೆಗಳು ತಾವಾಗಿಯೇ ತುಯ್ದಾಡುತ್ತವೆ. ಮಾತು ಅಕ್ಷರ ಅಕ್ಷರವಾಗಿ ಒಡೆದು, ಒಂದು ಜೋರಾಗಿ ಇನ್ನೊಂದು ಮೆಲ್ಲಗೆ ಹೊರಡುತ್ತದೆ. ಬುದ್ಧಿ ಮಾತ್ರ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ತನ್ನನ್ನು ಕುಡುಕನೆನ್ನುವುದು ರೋಗಿಗೆ ಕೇಳಿಸುತ್ತದೆ, ಅಲ್ಲವೆಂದು ಹೇಳಹೋದರೆ ಆ ತೊದಲೇ ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಮಕ್ಕಳಲ್ಲಿ ಇದು ಹೆಚ್ಚು, ಸೀತಾಳೆ ಸಿಡುಬಿನ ಬೆನ್ನಿಗೆ ಬರುವುದೂ ಉಂಟು. ದೊಡ್ಡವರಲ್ಲಿ ವಿರಳ, ವಿರಳವಾದ್ದರಿಂದಲೇ ಗುರುತು ತಪ್ಪುತ್ತದೆ. ಕಾರಣಗಳು ಹಲವು. ವೈರಾಣುಗಳು ನೇರವಾಗಿ ದಾಳಿಯಿಡಬಹುದು. ಅಥವಾ ಸೋಂಕನ್ನು ಎದುರಿಸಲು ಎದ್ದ ದೇಹದ ರಕ್ಷಣಾಶಕ್ತಿಯೇ ಗುರಿ ತಪ್ಪಿ ತನ್ನ ಮಿದುಳನ್ನು ಹೊಡೆಯಬಹುದು. ಎಷ್ಟೋ ಬಾರಿ ಕಾರಣ ಪತ್ತೆಯಾಗುವುದೇ ಇಲ್ಲ.

ನಮ್ಮ ನೆಲಕ್ಕೆ ಬಂದರೆ, ಇಲ್ಲಿ ಜ್ವರಕ್ಕೊಂದು ಚರಿತ್ರೆಯಿದೆ. ಶ್ರೀರಂಗಪಟ್ಟಣದ ಜ್ವರಗಳನ್ನು ತಾಳಲಾರದೆ ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಕನ್ನಂಬಾಡಿ ಕಟ್ಟೆ ಎದ್ದು ನಾಲೆ ಹರಿದ ಮೇಲೆ ಬತ್ತ ಬೆಳೆಯಿತು, ಸೊಳ್ಳೆಯೂ ಬೆಳೆಯಿತು. 1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಜಪಾನೀ ಮಿದುಳುಜ್ವರ ಹಬ್ಬಿತು. ಬತ್ತದ ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆ ಅದನ್ನು ಹಂದಿಗಳಿಂದಲೂ ಕೊಕ್ಕರೆ ಜಾತಿಯ ಹಕ್ಕಿಗಳಿಂದಲೂ ಮನುಷ್ಯನಿಗೆ ತರುತ್ತದೆ. ಆ ಜ್ವರ ಕಿರುಮೆದುಳಿಗಿಂತ ಮಿದುಳಿನ ಒಳಗರ್ಭವನ್ನು ಹೆಚ್ಚು ಹಿಡಿಯುವುದು. ಎರಡನ್ನೂ ಒಂದೆಂದು ತಿಳಿಯಬಾರದು. ಮಲೇರಿಯಾದ ಒಂದು ಬಗೆಯಲ್ಲಿ ಜ್ವರ ಬಿಟ್ಟು ಹಲವು ದಿನಗಳಾದ ಮೇಲೆ ತೂರಾಟ ಕಾಣಿಸಿಕೊಳ್ಳುವುದನ್ನು 1980ರ ದಶಕದಲ್ಲಿ ಶ್ರೀಲಂಕಾದ ವೈದ್ಯರು ವರ್ಣಿಸಿದರು. ಡೆಂಗ್ಯೂ, ವಿಷಮಶೀತ ಜ್ವರಗಳ ಬೆನ್ನಿಗೂ ಇದು ಬಂದದ್ದುಂಟು.

ಒಣಭೂಮಿಯ ಕಡೆ ನೆನಪಿಡಬೇಕಾದುದು ಸ್ಕ್ರಬ್ ಟೈಫಸ್. ಕುರುಚಲು ಪೊದೆಗಳಲ್ಲಿರುವ, ಕಣ್ಣಿಗೆ ಕಾಣುವುದೇ ಕಷ್ಟವಾದ ಹುಳದ ಮರಿ ಕಚ್ಚಿದರೆ ಹರಡುವ ಜ್ವರವಿದು. ಸೌದೆಗೆ ಹೋದವರು, ಕುರಿ ಮೇಯಿಸುವವರು ಇದಕ್ಕೆ ಸುಲಭದ ಗುರಿ. ಕಚ್ಚಿದ ಕಡೆ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಮೂಡಬಹುದು. ಅದು ಕಂಕುಳಲ್ಲೋ ತೊಡೆಸಂದಿಯಲ್ಲೋ ಇರುವುದರಿಂದ ನಾಚಿಕೆಗೆ ಮುಚ್ಚಿಕೊಂಡವರೇ ಹೆಚ್ಚು. ವೈದ್ಯರಿಗೆ ಅದನ್ನು ತೋರಿಸಬೇಕು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಇದು ಬಗ್ಗುವ ರೋಗ. ಇದು ಕಿರುಮೆದುಳಿಗೆ ಏರಿದ ಪ್ರಸಂಗಗಳು ದಕ್ಷಿಣ ಭಾರತದಿಂದ ವರದಿಯಾಗಿವೆ.

ಇದರಲ್ಲಿ ಪ್ರಾಣಾಪಾಯ ಎಲ್ಲಿದೆಯೆಂದರೆ, ಜಾಗದ ಇಕ್ಕಟ್ಟಿನಲ್ಲಿ. ಕಿರುಮೆದುಳು ಕುಳಿತಿರುವುದು ಎಲುಬಿನ ಸಣ್ಣ ಗೂಡಿನಲ್ಲಿ. ಅದು ಊದಿಕೊಂಡರೆ ಮುಂದಿರುವ ಮಿದುಳುಕಾಂಡವನ್ನು ಅದುಮುತ್ತದೆ. ಮಿದುಳಿನ ನೀರು ಹರಿಯುವ ದಾರಿ ಕಟ್ಟುತ್ತದೆ. ಉಸಿರಾಟ, ನಾಡಿಗಳ ಹಿಡಿತ ಇರುವುದು ಆ ಕಾಂಡದಲ್ಲಿಯೇ. ತಲೆನೋವು ಏರುತ್ತ, ವಾಂತಿ ನಿಲ್ಲದೆ, ರೋಗಿ ಮಂಪರಿಗೆ ಜಾರತೊಡಗಿದರೆ ಗಂಟೆಗಳ ಲೆಕ್ಕ. ‘ನಿದ್ದೆ ಹತ್ತಿತಲ್ಲ, ಸದ್ಯ’ ಎಂದು ಮನೆಯವರು ಸಮಾಧಾನಪಡುವ ಹೊತ್ತು ಅದೇ ಆಗಿರುವುದು ಎಂಥ ಕ್ರೂರ ವ್ಯಂಗ್ಯ! ಇನ್ನು ತೂರಾಟ ನಿಮಿಷಗಳಲ್ಲಿ ತಟ್ಟನೆ ಬಂದರೆ ಅದು ಕಿರುಮೆದುಳಿನ ರಕ್ತನಾಳ ಕಟ್ಟಿದ್ದು ಅಥವಾ ಒಡೆದದ್ದೂ ಇರಬಹುದು. ಅದಕ್ಕೂ ತಡ ಸಲ್ಲದು. ಮೂರ್ಛೆರೋಗದ ಫೆನಿಟಾಯಿನ್ ಮಾತ್ರೆ ಮಿತಿಮೀರಿದರೂ ಹೀಗೆಯೇ ಕಾಲು ತಪ್ಪುತ್ತದೆ. ರೋಗಿ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಜೊತೆಯಲ್ಲಿ ಒಯ್ಯುವುದು ಒಳ್ಳೆಯದು.

ಸಿ.ಟಿ. ಚಿತ್ರದಲ್ಲಿ ಕಾಣದ ಊತ ಎಂ.ಆರ್.ಐ.ಯಲ್ಲಿ ಕಾಣಬಹುದು. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುವುದಾದರೆ ಮೊದಲು ಚಿತ್ರ ನೋಡಿ ಊತವಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಮಂಡ್ಯದ ವೈದ್ಯಕೀಯ ಕಾಲೇಜು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮೈಸೂರಿನ ಕೆ.ಆರ್. ಆಸ್ಪತ್ರೆ ಇವು ಹತ್ತಿರದ ದೊಡ್ಡ ಆಸ್ಪತ್ರೆಗಳು. ಅದಕ್ಕೂ ಮೀರಿದರೆ ಬೆಂಗಳೂರಿನ ನಿಮ್ಹಾನ್ಸ್. ಕಾರಣ ತಿಳಿದರೆ ಅದಕ್ಕೆ ತಕ್ಕ ಔಷಧ, ಊತಕ್ಕೆ ಸ್ಟೀರಾಯ್ಡ್, ನೀರು ಕಟ್ಟಿದರೆ ನಳಿಕೆಯಿಟ್ಟು ಹರಿಸುವುದು, ಕೊನೆಗೆ ಹಿಂದಲೆಯ ಎಲುಬನ್ನು ತೆಗೆದು ಊತಕ್ಕೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ.

ಬಹುಮಂದಿ ವಾರಗಳಲ್ಲಿ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮಲೇರಿಯಾದ ಬೆನ್ನಿಗೆ ಬಂದ ತೂರಾಟ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಆದರೆ ಮಕ್ಕಳಿಗಿಂತ ದೊಡ್ಡವರಲ್ಲಿ ಏನಾದರೊಂದು ಉಳಿಯುವುದು ಹೆಚ್ಚು: ಸೊಟ್ಟಗಾದ ಅಕ್ಷರ, ಎಳೆದಾಡುವ ಮಾತು. ವೈದ್ಯರು ರೋಗಿಯನ್ನು ಹಿಮ್ಮಡಿಗೆ ಬೆರಳು ತಾಗಿಸಿ ಒಂದೇ ಗೆರೆಯ ಮೇಲೆ ನಡೆಸಿ ನೋಡುತ್ತಾರೆ. ಗದ್ದೆಯ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದು ಬದುಕಿದವನಿಗೆ ಈ ಪರೀಕ್ಷೆ ಹೊಸದಲ್ಲ. ಮನೆಯಂಗಳದಲ್ಲಿ ಚೆನ್ನಾಗಿ ನಡೆದವನು ಬದುವಿನ ಮೇಲೆ ಇನ್ನೂ ಎಷ್ಟೋ ದಿನ ತಡವರಿಸುತ್ತಾನೆ. ಆ ದಿನಗಳಲ್ಲಿ ಹೊರೆಯನ್ನು ಬೇರೆಯವರು ಹೊತ್ತು, ಅವನನ್ನು ದಿನಕ್ಕಿಷ್ಟು ಹೊತ್ತು ಬರಿಗೈಯಲ್ಲಿ ನಡೆಯಗೊಡಬೇಕು.