ಕಾರ್ಡಿನ ಬೆನ್ನಿಗಿರುವ ಕಾನೂನು



ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮದುವೆ-ಮುಂಜಿಗಳು ಬಂದವೆಂದರೆ ಮನಸ್ಸು ತಾಯ್ನಾಡಿನ ಅಂಗಡಿಗಳತ್ತ ಓಡುತ್ತದೆ. ಹಿಂದೆ ಊರಿಗೆ ಹೋಗಿಬಂದವರ ಪೆಟ್ಟಿಗೆಯಲ್ಲಿ ಬರುತ್ತಿದ್ದ ಸೀರೆ ಇಂದು ಜಾಲತಾಣದ ಅಂಗಡಿಯಿಂದ ನೇರವಾಗಿ ಬಾಗಿಲಿಗೇ ಬರುತ್ತದೆ. ಹೀಗೆ ಕೊಳ್ಳುವಾಗ ಹಣವನ್ನು ಯಾವ ದಾರಿಯಿಂದ ಕೊಡುತ್ತೇವೆ ಎಂಬುದು ಸಣ್ಣ ಸಂಗತಿಯಲ್ಲ.

ನಮ್ಮದೇ ಅನುಭವವನ್ನು ಅರಿಕೆ ಮಾಡುತ್ತೇವೆ. ಮಗಳ ಮದುವೆಗೆಂದು ಭಾರತದ ಒಂದು ಜಾಲತಾಣದಲ್ಲಿ 30,000 ರೂಪಾಯಿಯ ರೇಷ್ಮೆ ಸೀರೆಯನ್ನು ಕ್ರೆಡಿಟ್ ಕಾರ್ಡಿನಿಂದ ಕೊಂಡೆವು. ಬಂದದ್ದು ಪಾಲಿಯೆಸ್ಟರ್ ಸೀರೆ! ನಮ್ಮ ಪತ್ರಗಳಿಗೆ ಉತ್ತರವಿರಲಿಲ್ಲ. ಮುಹೂರ್ತಕ್ಕೆ ಮಗಳು ಅಜ್ಜಿಯ ಹಳೆಯ ಸೀರೆಯನ್ನೇ ಉಟ್ಟಳು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಾವು ಕೈಚೆಲ್ಲಿ ಕುಳಿತಿದ್ದೆವು.

ಆಗ ನೆರವಿಗೆ ಬಂದದ್ದು ಈ ದೇಶದ 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ವಿಧಿ. ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚಾಗಿದ್ದು 30,000 ಪೌಂಡನ್ನು ಮೀರದಿದ್ದರೆ, ಮಾರಿದವನು ಸುಳ್ಳು ಹೇಳಿದಾಗ ಅಥವಾ ಒಪ್ಪಂದಕ್ಕೆ ತಪ್ಪಿದಾಗ ಕ್ರೆಡಿಟ್ ಕಾರ್ಡು ಕೊಟ್ಟ ಸಂಸ್ಥೆಯೂ ಅವನಷ್ಟೇ ಹೊಣೆ. ವಿದೇಶದ ಖರೀದಿಗೂ ಇದು ಅನ್ವಯಿಸುತ್ತದೆಂದು ಹೌಸ್ ಆಫ್ ಲಾರ್ಡ್ಸ್ 2007ರಲ್ಲಿ ತೀರ್ಪಿತ್ತಿತು. ವಿಧಿಯನ್ನು ಹೆಸರಿಸಿ, ಚಿತ್ರಗಳನ್ನೂ ರಸೀದಿಯನ್ನೂ ಲಗತ್ತಿಸಿ ನಾವು ಬ್ಯಾಂಕಿಗೆ ಬರೆದೆವು. ಕೆಲವು ವಾರಗಳಲ್ಲಿ ಹಣ ಮರಳಿತು.

ಆದರೆ ಮಿತಿಗಳನ್ನೂ ಅರಿತಿರಬೇಕು. 60 ಪೌಂಡಿನ ಮೂರು ಬಿಡಿ ಸೀರೆಗಳನ್ನು ಕೂಡಿಸಿ 180 ಎಂದು ಲೆಕ್ಕ ಹೇಳುವಂತಿಲ್ಲ. ಡೆಬಿಟ್ ಕಾರ್ಡಿಗೂ ಬ್ಯಾಂಕ್ ವರ್ಗಾವಣೆಗೂ ಈ ವಿಧಿಯ ಆಸರೆಯಿಲ್ಲ. ಹಣವು ನಡುವೆ ಬೇರೊಂದು ಪಾವತಿ ಸಂಸ್ಥೆಯ ಮೂಲಕ ಹೋದರೆ ಹಕ್ಕು ಕೈತಪ್ಪಲೂಬಹುದು.

ಇನ್ನು ಖರ್ಚಿನ ಮಾತು. ಪೌಂಡಿನಲ್ಲಿ ಕೊಡುವಿರೋ ರೂಪಾಯಿಯಲ್ಲೋ ಎಂದು ಜಾಲತಾಣ ಕೇಳಿದರೆ ರೂಪಾಯಿಯನ್ನೇ ಆರಿಸುವುದು ಸಾಮಾನ್ಯವಾಗಿ ಲೇಸು. ಅಂಗಡಿಯವರ ವಿನಿಮಯ ದರದಲ್ಲಿ ಅವರ ಲಾಭವೂ ಅಡಗಿರುತ್ತದೆ. ಹಲವು ಕಾರ್ಡುಗಳು ವಿದೇಶಿ ವ್ಯವಹಾರಕ್ಕೆ ಶೇಕಡಾ 3ರ ಹತ್ತಿರ ಶುಲ್ಕ ಹಾಕುತ್ತವೆ, ಕೆಲವು ಹಾಕುವುದಿಲ್ಲ. 2021ರ ಜನವರಿ 1ರಿಂದ, 135 ಪೌಂಡಿನೊಳಗಿನ ಸರಕಿಗೆ ವ್ಯಾಟ್ ತೆರಿಗೆಯನ್ನು ಕೊಳ್ಳುವಾಗಲೇ ಸೇರಿಸಲಾಗುತ್ತದೆ. ಅದಕ್ಕೂ ಮೀರಿದ ಸೀರೆಗೆ ಶೇಕಡಾ 20ರ ವ್ಯಾಟ್, ಸುಂಕವಿದ್ದರೆ ಸುಂಕ, ಸಾಗಣೆದಾರರ ಶುಲ್ಕ ಎಲ್ಲವೂ ಸರಕು ಬಂದಾಗ ಎದುರಾಗಬಹುದು.

ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ಣ ತೀರಿಸಿರಿ, ರಸೀದಿಗಳನ್ನು ಜೋಪಾನವಾಗಿರಿಸಿರಿ. ಮೋಸಹೋದೆವೆಂಬ ನಾಚಿಕೆಯಿಂದ ಸುಮ್ಮನಿರಬೇಡಿರಿ. ಕಾನೂನು ಕೊಟ್ಟ ಹಕ್ಕನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇಕೆ?